ಒಂಬತ್ತು ಅಂಕಿಗಳಲ್ಲಿ ನೂರನ್ನು ಕಟ್ಟಿದ ಗುಮಾಸ್ತ: ಹೆನ್ರಿ ಅರ್ನೆಸ್ಟ್ ಡ್ಯೂಡ್ನಿ

1 2 3 4 5 6 7 8 9.

ಈ ಒಂಬತ್ತು ಅಂಕಿಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇದೇ ಕ್ರಮದಲ್ಲಿ ಬರೆದುಕೊಳ್ಳಿ. ಯಾವ ಅಂಕಿಯೂ ತನ್ನ ಜಾಗ ಬಿಟ್ಟು ಕದಲಬಾರದು. ನಡುವೆ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಚಿಹ್ನೆಗಳನ್ನು ಬೇಕಾದಲ್ಲಿ ಹಾಕಬಹುದು. ಪಕ್ಕದ ಅಂಕಿಗಳನ್ನು ಕೂಡಿಸಿಕೊಂಡು 12 ಎಂದೋ 123 ಎಂದೋ ಓದಬಹುದು. ಉತ್ತರ ಮಾತ್ರ ಸರಿಯಾಗಿ 100 ಬರಬೇಕು.

ಸ್ವಲ್ಪ ಹೊತ್ತು ಕುಳಿತರೆ ಒಂದು ಉತ್ತರ ಸಿಗುತ್ತದೆ. 1+2+3+4+5+6+7 ಎಂದರೆ 28. ಅದಕ್ಕೆ 8×9, ಅಂದರೆ 72 ಸೇರಿಸಿದರೆ 100. ನಮ್ಮಲ್ಲಿ ಹೆಚ್ಚಿನವರು ಅಲ್ಲಿಗೆ ಪೆನ್ನು ಕೆಳಗಿಡುತ್ತೇವೆ. ಆದರೆ ಇಂಗ್ಲೆಂಡಿನ ಒಬ್ಬ ಒಗಟುಗಾರರು ಅಲ್ಲಿಗೆ ನಿಲ್ಲಲಿಲ್ಲ. ಅತ್ಯಂತ ಕಡಿಮೆ ಚಿಹ್ನೆಗಳಲ್ಲಿ, ಪೆನ್ನಿನ ಅತ್ಯಂತ ಕಡಿಮೆ ಗೆರೆಗಳಲ್ಲಿ ನೂರು ಬರಿಸಬೇಕು ಎಂದು ಅವರು ಷರತ್ತು ಹಾಕಿದರು. ಅವರ ಲೆಕ್ಕದಲ್ಲಿ ಕಳೆಯುವ ಚಿಹ್ನೆಗೆ ಒಂದು ಗೆರೆ, ಕೂಡುವ ಮತ್ತು ಗುಣಿಸುವ ಚಿಹ್ನೆಗಳಿಗೆ ಎರಡೆರಡು, ಭಾಗಿಸುವ ಚಿಹ್ನೆಗೆ ಮೂರು. ಈ ಪ್ರಕಾರ ನಮ್ಮ ಮೇಲಿನ ಉತ್ತರಕ್ಕೆ, ಆವರಣವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 16 ಗೆರೆಗಳು ಖರ್ಚಾಗುತ್ತವೆ. ಅವರು ಕೊಟ್ಟ ಉತ್ತರ ಹೀಗಿದೆ:

123 − 45 − 67 + 89 = 100

ಮೂರೇ ಚಿಹ್ನೆ, ನಾಲ್ಕೇ ಗೆರೆ. ಈ ಮಿತವ್ಯಯದ ಮನುಷ್ಯನ ಹೆಸರು ಹೆನ್ರಿ ಅರ್ನೆಸ್ಟ್ ಡ್ಯೂಡ್ನಿ. ಅವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಹದಿಮೂರನೆಯ ವಯಸ್ಸಿಗೆ ಗುಮಾಸ್ತರಾದವರು.

ಕುರುಬನ ಮೊಮ್ಮಗ

ಡ್ಯೂಡ್ನಿಯವರು ಹುಟ್ಟಿದ್ದು 1857ರ ಏಪ್ರಿಲ್ 10ರಂದು, ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಮೇಫೀಲ್ಡ್ ಎಂಬ ಹಳ್ಳಿಯಲ್ಲಿ. ತಂದೆ ಶಾಲಾ ಮಾಸ್ತರರು. ತಾತ ಜಾನ್ ಡ್ಯೂಡ್ನಿಯವರ ಕಥೆ ಇನ್ನೂ ಸ್ವಾರಸ್ಯವಾಗಿದೆ. ಅವರು ಸಸೆಕ್ಸಿನ ಗುಡ್ಡಗಳಲ್ಲಿ ಕುರಿ ಕಾಯುತ್ತಿದ್ದರು. ಕುರಿಗಳು ಮೇಯುತ್ತಿರುವಾಗ ಗಣಿತ ಮತ್ತು ಖಗೋಳಶಾಸ್ತ್ರದ ಪುಸ್ತಕಗಳನ್ನು ಓದುತ್ತಿದ್ದರು. ಪುಸ್ತಕಗಳನ್ನು ಗುಡ್ಡದ ನೆಲದಲ್ಲಿ ತೋಡಿದ ಒಂದು ಗುಳಿಯಲ್ಲಿಟ್ಟು ಮೇಲೆ ಕಲ್ಲು ಮುಚ್ಚುತ್ತಿದ್ದರು. ಹೀಗೆ ತಾವೇ ಕಲಿತು, ಕೊನೆಗೆ ಕುರಿ ಬಿಟ್ಟು ಲೂಯಿಸ್ ಪಟ್ಟಣದಲ್ಲಿ ಶಾಲೆ ನಡೆಸುವ ಮಾಸ್ತರರಾದರು. ಗುರುವಿಲ್ಲದೆ ಕಲಿಯುವ ಈ ಹಟ ಮೊಮ್ಮಗನಿಗೂ ಬಂದಿತ್ತು.

ಬಾಲಕ ಹೆನ್ರಿಗೆ ಚದುರಂಗದಲ್ಲಿ ಬಹಳ ಆಸಕ್ತಿ. ಒಂಬತ್ತನೆಯ ವಯಸ್ಸಿಗೇ ಒಗಟುಗಳನ್ನು ಕಟ್ಟಿ ಪತ್ರಿಕೆಗೆ ಕಳುಹಿಸುತ್ತಿದ್ದ. ಆದರೆ ಓದು ಮುಂದುವರಿಯಲಿಲ್ಲ. ಹದಿಮೂರಕ್ಕೆ ಲಂಡನ್ನಿನ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸಕ್ಕೆ ಸೇರಬೇಕಾಯಿತು. ನಮ್ಮ ಲೆಕ್ಕದಲ್ಲಿ ಅದು ಎಂಟನೆಯ ತರಗತಿಯ ವಯಸ್ಸು.

ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಜೊತೆ ಹತ್ತನೆಯವರೆಗೆ ಓದಿ ಈಗ ಗ್ಯಾರೇಜಿನಲ್ಲೋ ಅಂಗಡಿಯಲ್ಲೋ ಇರುವ ಗೆಳೆಯರು ನಮಗೆಲ್ಲ ಗೊತ್ತು. ಅವರ ಓದು ಮುಗಿಯಿತು ಎಂದು ಎಲ್ಲರೂ ಸುಲಭವಾಗಿ ಹೇಳಿಬಿಡುತ್ತಾರೆ. ಡ್ಯೂಡ್ನಿಯವರ ವಿಷಯದಲ್ಲೂ ಯಾರಾದರೂ ಹಾಗೆ ಹೇಳಿರಬಹುದು. ಆದರೆ ಮುಗಿದದ್ದು ಶಾಲೆ ಮಾತ್ರ. ಹಗಲು ಕಡತ, ಬಿಡುವಿನಲ್ಲಿ ಗಣಿತ ಮತ್ತು ಅದರ ಇತಿಹಾಸ ಎಂದು ಅವರ ಓದು ನಡೆದೇ ಇತ್ತು.

ಸ್ಫಿಂಕ್ಸ್ ಎಂಬ ಗುಪ್ತನಾಮ

ಗುಮಾಸ್ತರಾಗಿದ್ದಾಗಲೇ ಅವರು ಸಣ್ಣ ಕಥೆ, ಲೇಖನ ಮತ್ತು ಒಗಟುಗಳನ್ನು ಬರೆಯತೊಡಗಿದರು. ಒಗಟುಗಳಿಗೆ ಇಟ್ಟುಕೊಂಡ ಹೆಸರು ಸ್ಫಿಂಕ್ಸ್. ಗ್ರೀಕರ ಪುರಾಣದಲ್ಲಿ ದಾರಿಹೋಕರನ್ನು ತಡೆದು ಒಗಟು ಕೇಳುವ ಪ್ರಾಣಿ ಇದು.

1884ರಲ್ಲಿ ಅವರ ಮದುವೆ ಆಲಿಸ್ ಅವರೊಂದಿಗೆ ಆಯಿತು. ಆಲಿಸ್ ಡ್ಯೂಡ್ನಿ ಮುಂದೆ ಹೆಸರಾಂತ ಕಾದಂಬರಿಕಾರ್ತಿಯಾದರು. ಆ ಕಾಲದಲ್ಲಿ ಓದುಗರಿಗೆ ಗಂಡನಷ್ಟೇ ಹೆಂಡತಿಯ ಪರಿಚಯವೂ ಇತ್ತು. ಸಂಸಾರದ ಖರ್ಚು ತೂಗಿಸಲು ಆಕೆಯ ಪುಸ್ತಕಗಳ ಗಳಿಕೆ ದೊಡ್ಡ ಆಸರೆಯಾಯಿತು. ಒಬ್ಬ ಒಗಟುಗಾರ ನೆಮ್ಮದಿಯಾಗಿ ಕುಳಿತು ಅಂಕಿಗಳನ್ನು ಜೋಡಿಸಲು ಸಾಧ್ಯವಾದದ್ದರಲ್ಲಿ ಈ ಗೃಹಿಣಿಯ ಲೇಖನಿಯ ಪಾಲೂ ಇದೆ ಎಂಬುದನ್ನು ಮರೆಯಬಾರದು.

ಹೆಸರಿನ ಜಗಳ

ಅದೇ ಸಮಯದಲ್ಲಿ ಅಮೆರಿಕದಲ್ಲಿ ಸ್ಯಾಮ್ ಲಾಯ್ಡ್ ಎಂಬ ಒಗಟುಗಾರರು ಬಹು ಪ್ರಸಿದ್ಧರಾಗಿದ್ದರು. 1841ರಲ್ಲಿ ಹುಟ್ಟಿದ ಲಾಯ್ಡ್ ವಯಸ್ಸಿನಲ್ಲಿ ಹಿರಿಯರು, ಚದುರಂಗದ ಸಮಸ್ಯೆಗಳಲ್ಲಿ ನಿಪುಣರು, ಜಾಹೀರಾತಿನ ಕಲೆ ಬಲ್ಲವರು. ಇಬ್ಬರ ನಡುವೆ ಪತ್ರವ್ಯವಹಾರ ಆರಂಭವಾಯಿತು. ಸಮುದ್ರದಾಚೆಯಿಂದ ಒಗಟುಗಳು ಹೋಗಿ ಬಂದು ಮಾಡಿದವು. 1890ರ ದಶಕದಲ್ಲಿ ಇಂಗ್ಲೆಂಡಿನ ಟಿಟ್‌ಬಿಟ್ಸ್ ವಾರಪತ್ರಿಕೆಯಲ್ಲಿ ಇಬ್ಬರೂ ಜೊತೆಯಾಗಿ ಕೆಲಸ ಮಾಡಿದರು.

ಈ ಸ್ನೇಹ ಉಳಿಯಲಿಲ್ಲ. ತಾವು ನಂಬಿ ಕಳುಹಿಸಿದ ಒಗಟುಗಳು ಅಮೆರಿಕದಲ್ಲಿ ಲಾಯ್ಡ್ ಅವರ ಹೆಸರಿನಲ್ಲಿ ಅಚ್ಚಾಗುತ್ತಿವೆ ಎಂಬುದು ಡ್ಯೂಡ್ನಿಯವರಿಗೆ ತಿಳಿಯಿತು. ಅವರು ಸಂಬಂಧ ಕಡಿದುಕೊಂಡರು. ತಂದೆ ಲಾಯ್ಡ್ ಅವರನ್ನು ಸೈತಾನನಿಗೆ ಹೋಲಿಸುವಷ್ಟು ಕುದಿಯುತ್ತಿದ್ದುದನ್ನು ಮಗಳು ಮಾರ್ಜರಿ ಮುಂದೆ ನೆನಪಿಸಿಕೊಂಡಿದ್ದಾರೆ. ಲಾಯ್ಡ್ ಅವರಿಗೆ ಇದು ಹೊಸತೂ ಆಗಿರಲಿಲ್ಲ. ಹದಿನೈದು ಬಿಲ್ಲೆಗಳನ್ನು ಚೌಕದೊಳಗೆ ಸರಿಸುವ ಆಟ ನಮಗೆಲ್ಲ ಗೊತ್ತು. ಅದನ್ನು ಕಂಡುಹಿಡಿದವನು ತಾನೇ ಎಂದು ಅವರು ಹೇಳಿಕೊಂಡಿದ್ದರು. ಅದು ನಿಜವಲ್ಲ ಎಂದು ಈಗ ತಿಳಿದಿದೆ.

ಲಾಯ್ಡ್ ಅವರಲ್ಲಿ ಪ್ರತಿಭೆ ಇರಲಿಲ್ಲ ಎಂದಲ್ಲ. ಅವರ ಸ್ವಂತ ಒಗಟುಗಳೂ ಸೊಗಸಾಗಿವೆ. ಆದರೆ ಇನ್ನೊಬ್ಬನ ರಾತ್ರಿಗಳ ದುಡಿಮೆಯ ಕೆಳಗೆ ತನ್ನ ಹೆಸರು ಹಾಕಿದಾಗ ಏನಾಗುತ್ತದೆ? ಹಣದ ನಷ್ಟವನ್ನು ಹೇಗಾದರೂ ಭರ್ತಿ ಮಾಡಬಹುದು. ಹೆಸರಿನ ನಷ್ಟಕ್ಕೆ ಯಾವ ಖಾತೆಯಲ್ಲೂ ಜಮಾ ಬರೆಯಲಾಗುವುದಿಲ್ಲ. ಡಿಗ್ರಿ ಇಲ್ಲದ, ಹುದ್ದೆ ಇಲ್ಲದ ಮನುಷ್ಯನಿಗೆ ಅವನು ಕಟ್ಟಿದ ವಸ್ತುವೇ ಸರ್ಟಿಫಿಕೇಟು. ಅದನ್ನೇ ತೆಗೆದುಕೊಂಡರೆ ಅವನಿಗೆ ಉಳಿಯುವುದೇನು? ಪಕ್ಕದವರ ಅಸೈನ್‌ಮೆಂಟನ್ನು ನಕಲು ಮಾಡಿ ನಮ್ಮ ರಿಜಿಸ್ಟರ್ ನಂಬರ್ ಹಾಕುವಾಗ ಇದನ್ನು ನೆನೆಯುವುದು ಒಳ್ಳೆಯದು.

ಇದಕ್ಕೆ ಡ್ಯೂಡ್ನಿಯವರು ಕೊಟ್ಟ ಉತ್ತರ ಕೆಲಸದಲ್ಲೇ ಇತ್ತು. ಅವರು ಇನ್ನೂ ಒಳ್ಳೆಯ ಒಗಟುಗಳನ್ನು ಮಾಡಿದರು.

ರಾಯಲ್ ಸೊಸೈಟಿಯಿಂದ ಸ್ಟ್ರ್ಯಾಂಡ್ ಪತ್ರಿಕೆಯವರೆಗೆ

1902ರಲ್ಲಿ ಅವರು ಪತ್ರಿಕೆಯಲ್ಲಿ ಒಂದು ಪ್ರಶ್ನೆ ಕೇಳಿದರು. ಮೂರು ಬಾಹುಗಳೂ ಸಮನಾದ ತ್ರಿಭುಜವನ್ನು ನಾಲ್ಕೇ ತುಂಡು ಮಾಡಿ, ಆ ತುಂಡುಗಳಿಂದ ಸರಿಯಾದ ಚೌಕ ಜೋಡಿಸಬೇಕು. 1905ರಲ್ಲಿ ಇದರ ಮಾದರಿಯನ್ನು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ತೋರಿಸಿದರು. ಮಹಾಗನಿ ಮರದ ನಾಲ್ಕು ತುಂಡುಗಳನ್ನು ಹಿತ್ತಾಳೆಯ ಕೀಲುಗಳಿಂದ ಸರಪಳಿಯಂತೆ ಜೋಡಿಸಲಾಗಿತ್ತು. ಒಂದು ಕಡೆ ತಿರುಗಿಸಿದರೆ ತ್ರಿಭುಜ, ಇನ್ನೊಂದು ಕಡೆ ತಿರುಗಿಸಿದರೆ ಚೌಕ. ಹದಿಮೂರಕ್ಕೆ ಶಾಲೆ ಬಿಟ್ಟವರ ಕೆಲಸವನ್ನು ದೇಶದ ಅತಿ ದೊಡ್ಡ ವಿಜ್ಞಾನ ಸಂಸ್ಥೆ ನೋಡಿತು.

1907ರಲ್ಲಿ ಅವರ ಮೊದಲ ಪುಸ್ತಕ ಕ್ಯಾಂಟರ್ಬರಿ ಪಜಲ್ಸ್ ಬಂತು. 1910ರಿಂದ ಸ್ಟ್ರ್ಯಾಂಡ್ ಮಾಸಪತ್ರಿಕೆಯಲ್ಲಿ ಅಂಕಣ ಆರಂಭವಾಯಿತು. ಷರ್ಲಾಕ್ ಹೋಮ್ಸ್ ಕಥೆಗಳು ಬರುತ್ತಿದ್ದ ಪತ್ರಿಕೆಯೇ ಇದು. ಆ ಅಂಕಣ ಇಪ್ಪತ್ತು ವರ್ಷ, ಅವರು ಸಾಯುವವರೆಗೂ ನಡೆಯಿತು. 1917ರಲ್ಲಿ ಅಮ್ಯೂಸ್‌ಮೆಂಟ್ಸ್ ಇನ್ ಮ್ಯಾಥಮ್ಯಾಟಿಕ್ಸ್ ಪ್ರಕಟವಾಯಿತು. ಅದರಲ್ಲಿ 430 ಸಮಸ್ಯೆಗಳಿವೆ. ನಮ್ಮ ನೂರರ ಒಗಟು ಇರುವುದೂ ಅದರಲ್ಲೇ.

1924ರ ಜುಲೈ ಸಂಚಿಕೆಯಲ್ಲಿ ಅವರು ಅಕ್ಷರಗಳನ್ನೇ ಕೂಡಿಸಿದರು. ಸೆಂಡ್ ಎಂಬ ಪದದ ಕೆಳಗೆ ಮೋರ್ ಎಂದು ಬರೆದು ಕೂಡಿಸಿದರೆ ಮನಿ ಬರಬೇಕು. ಅಂದರೆ, ಇನ್ನಷ್ಟು ಹಣ ಕಳಿಸಿ. ಇಂಗ್ಲಿಷಿನ ಪ್ರತಿ ಅಕ್ಷರಕ್ಕೂ ಒಂದು ಅಂಕಿ, ಎರಡು ಅಕ್ಷರಗಳಿಗೆ ಒಂದೇ ಅಂಕಿ ಇರಬಾರದು. ನಾಲ್ಕು ಅಂಕಿಗಳ ಎರಡು ಸಂಖ್ಯೆ ಕೂಡಿಸಿ ಐದು ಅಂಕಿ ಬಂದರೆ ಮೊದಲ ಅಂಕಿ 1 ಆಗಲೇಬೇಕು. ಆ ಎಳೆ ಹಿಡಿದು ಹೊರಟರೆ 9567 + 1085 = 10652 ಸಿಗುತ್ತದೆ. ಇದನ್ನು ಬಿಟ್ಟು ಬೇರೆ ಉತ್ತರವಿಲ್ಲ.

ಒಂಬತ್ತರ ಗುಟ್ಟು

ಈಗ ನೂರರ ಒಗಟಿಗೆ ಮರಳೋಣ. ಬರೀ ಕೂಡುವ ಚಿಹ್ನೆಯಿಂದಲೇ ನೂರು ಬರಿಸಬಹುದೇ? ಎಷ್ಟು ಪ್ರಯತ್ನಿಸಿದರೂ ಬರುವುದಿಲ್ಲ. ಏಕೆಂದು ನೋಡಿ.

ಯಾವುದೇ ಸಂಖ್ಯೆಯನ್ನು 9ರಿಂದ ಭಾಗಿಸಿದಾಗ ಉಳಿಯುವ ಶೇಷವೂ, ಅದರ ಅಂಕಿಗಳ ಮೊತ್ತವನ್ನು 9ರಿಂದ ಭಾಗಿಸಿದಾಗ ಉಳಿಯುವ ಶೇಷವೂ ಒಂದೇ. 1ರಿಂದ 9ರವರೆಗಿನ ಮೊತ್ತ 45, ಶೇಷ ಸೊನ್ನೆ. ಆದ್ದರಿಂದ ಅಂಕಿಗಳನ್ನು ಹೇಗೆ ಗುಂಪು ಮಾಡಿ ಕೂಡಿಸಿದರೂ ಉತ್ತರ 9ರಿಂದ ಪೂರ್ತಿ ಭಾಗವಾಗುತ್ತದೆ. 100ಕ್ಕೆ ಶೇಷ 1. ಹಾಗಾಗಿ ಅದು ಎಂದಿಗೂ ಸಾಧ್ಯವಿಲ್ಲ. ಏನನ್ನಾದರೂ ಕಳೆಯಬೇಕು, ಇಲ್ಲವೇ ಗುಣಿಸಬೇಕು ಅಥವಾ ಭಾಗಿಸಬೇಕು.

ಕೂಡುವುದು ಮತ್ತು ಕಳೆಯುವುದು ಎರಡನ್ನೇ ಬಳಸಿದರೆ ಇನ್ನೊಂದು ಗುಟ್ಟು ಸಿಗುತ್ತದೆ. ಕಳೆಯುವ ಚಿಹ್ನೆಯ ಮುಂದಿರುವ ಅಂಕಿಗಳ ಮೊತ್ತವನ್ನು 9ರಿಂದ ಭಾಗಿಸಿದರೆ ಶೇಷ 4 ಬರಲೇಬೇಕು. ಡ್ಯೂಡ್ನಿಯವರ ಉತ್ತರದಲ್ಲಿ ಕಳೆದದ್ದು 45 ಮತ್ತು 67. ಅವುಗಳ ಅಂಕಿಗಳ ಮೊತ್ತ 4+5+6+7 = 22, ಶೇಷ 4. ಇನ್ನೊಂದು ಉತ್ತರ 123 + 45 − 67 + 8 − 9. ಇಲ್ಲಿ 6+7+9 ಕೂಡ 22.

ನಾವು ವಾಣಿಜ್ಯ ವಿಭಾಗದವರಿಗೆ ಈ ಒಂಬತ್ತು ಹಳೆಯ ಪರಿಚಯ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದೆ ವ್ಯತ್ಯಾಸ 9ರಿಂದ ಭಾಗವಾದರೆ, ಎಲ್ಲೋ ಅಂಕಿಗಳು ಅದಲುಬದಲಾಗಿರಬಹುದು ಎಂದು ಲೆಕ್ಕ ಬರೆಯುವವರು ಅನುಮಾನಿಸುತ್ತಾರೆ. 540 ಬರೆಯುವಲ್ಲಿ 450 ಬರೆದರೆ ವ್ಯತ್ಯಾಸ 90. ಅಂಗಡಿಯ ಖಾತೆಪುಸ್ತಕದ ಉಪಾಯಕ್ಕೂ ನೂರರ ಒಗಟಿಗೂ ಬೇರು ಒಂದೇ.

ಡ್ಯೂಡ್ನಿಯವರು ಅಂಕಿಗಳ ಮೊತ್ತದ ಈ ಗುಣವನ್ನು ಒಗಟುಗಳಲ್ಲಿ ಚೆನ್ನಾಗಿ ಬಳಸಿಕೊಂಡರು. 512 ಎಂಬುದು 8ರ ಘನ. 5+1+2 ಕೂಡ 8. 4913 ಎಂಬುದು 17ರ ಘನ, ಅದರ ಅಂಕಿಗಳ ಮೊತ್ತವೂ 17. ಇಂಥ ಸಂಖ್ಯೆಗಳು ಒಟ್ಟು ಆರೇ ಇವೆ: 1, 512, 4913, 5832, 17576, 19683. ಗಣಿತದಲ್ಲಿ ಇವುಗಳನ್ನು ಈಗ ಡ್ಯೂಡ್ನಿ ಸಂಖ್ಯೆಗಳು ಎಂದೇ ಕರೆಯುತ್ತಾರೆ. ಯಾರೋ ಅಳಿಸಲು ಹೊರಟ ಹೆಸರು ಕೊನೆಗೆ ಅಂಕಿಗಳ ಮೇಲೆಯೇ ನಿಂತಿತು.

ನಮ್ಮ ಮನೆಯಲ್ಲಿ ಒಗಟಿಗೆ ಪಹೇಲಿ ಎನ್ನುತ್ತೇವೆ. ಉರ್ದುವಿನ ಪಹೇಲಿಯನ್ನು ಕನ್ನಡಕ್ಕೆ ತಂದರೆ ಅರ್ಧ ರುಚಿ ಹೋಗುತ್ತದೆ, ಕನ್ನಡದ ಒಗಟನ್ನು ಅಮ್ಮಿಗೆ ಉರ್ದುವಿನಲ್ಲಿ ಬಿಡಿಸಿ ಹೇಳಿದರೂ ಅಷ್ಟೇ. ಆದರೆ 123 − 45 − 67 + 89 ಯಾವ ಮನೆಯಲ್ಲೂ ಅನುವಾದ ಕೇಳುವುದಿಲ್ಲ. ಸಸೆಕ್ಸಿನ ಕುರುಬನ ಮೊಮ್ಮಗ ಕಟ್ಟಿದ್ದು ನಮ್ಮ ತರಗತಿಯ ಬೆಂಚಿನ ಮೇಲೂ ಹಾಗೆಯೇ ಇದೆ.

ಕೊನೆಯ ದಿನಗಳು

ಕೊನೆಯ ವರ್ಷಗಳನ್ನು ಡ್ಯೂಡ್ನಿಯವರು ತಾತ ಮಾಸ್ತರರಾಗಿದ್ದ ಲೂಯಿಸ್ ಪಟ್ಟಣದಲ್ಲೇ ಕಳೆದರು. ಚದುರಂಗ, ಬಿಲಿಯರ್ಡ್ಸ್, ಹುಲ್ಲಿನ ಅಂಗಳದಲ್ಲಿ ಚೆಂಡು ಉರುಳಿಸುವ ಆಟ, ಹಳೆಯ ಸಂಗೀತ ಇವು ಅವರ ಹವ್ಯಾಸಗಳು. 1930ರ ಏಪ್ರಿಲ್ 23ರಂದು, ತಮ್ಮ 73ನೆಯ ವಯಸ್ಸಿನಲ್ಲಿ, ಗಂಟಲಿನ ಕ್ಯಾನ್ಸರಿನಿಂದ ತೀರಿಕೊಂಡರು. ಅವರು ಬರೆದಿಟ್ಟ ಒಗಟುಗಳು ನಂತರವೂ ಪುಸ್ತಕಗಳಾಗಿ ಬಂದವು.

ಅವರ ಬದುಕಿನಿಂದ ನಾನು ತೆಗೆದುಕೊಂಡದ್ದು ಎರಡು. ಒಂದು, ಕೈಯಲ್ಲಿ ಸಿಕ್ಕಿರುವ ಅಂಕಿಗಳನ್ನೂ ಅವುಗಳ ಕ್ರಮವನ್ನೂ ನಾವು ಆರಿಸಿಕೊಂಡಿಲ್ಲ. ಯಾವ ಮನೆ, ಯಾವ ಶಾಲೆ, ಎಷ್ಟು ಫೀಸು ಕಟ್ಟಲು ಆಗುತ್ತದೆ ಎಂಬುದೆಲ್ಲ ಕೊಟ್ಟಿರುವ ಅಂಕಿಗಳೇ. ನಡುವೆ ಯಾವ ಚಿಹ್ನೆ ಹಾಕುತ್ತೇವೆ ಎಂಬುದು ಮಾತ್ರ ನಮ್ಮದು. ಎರಡು, ಹಾಕಿದ ಮೇಲೆ ಉತ್ತರದ ಕೆಳಗೆ ನಮ್ಮ ಹೆಸರೇ ಇರಬೇಕು, ಅದು ನಮ್ಮದೇ ಉತ್ತರವಾಗಿರಬೇಕು.

ಈಗ ನಿಮ್ಮ ಸರದಿ. ಅಂಕಿಗಳನ್ನು ಹಿಂದುಮುಂದಾಗಿಸಿ 9 8 7 6 5 4 3 2 1 ಎಂದು ಬರೆದುಕೊಳ್ಳಿ. ಕೂಡುವ ಮತ್ತು ಕಳೆಯುವ ಚಿಹ್ನೆಗಳನ್ನಷ್ಟೇ ಬಳಸಿ, ನಾಲ್ಕೇ ಚಿಹ್ನೆಗಳಲ್ಲಿ 100 ತನ್ನಿ. 98ರಿಂದ ಆರಂಭಿಸಿ ನೋಡಿ. ಕಳೆಯುವ ಅಂಕಿಗಳ ಮೊತ್ತಕ್ಕೆ ಶೇಷ 4 ಬರಬೇಕು ಎಂಬುದು ನೆನಪಿರಲಿ. ಉತ್ತರ ನಾನು ಇಲ್ಲಿ ಬರೆಯುವುದಿಲ್ಲ. ಪಕ್ಕದವರ ಹಾಳೆಯನ್ನೂ ನೋಡಬೇಡಿ.