ಮಾರ್ಗರೆಟ್ ಕಸಿನ್ಸ್ ಮತ್ತು ಸ್ತ್ರೀಯರ ಮತಾಧಿಕಾರ

ಚುನಾವಣೆಯ ದಿನ ಮತಗಟ್ಟೆಯ ಮುಂದೆ ಸ್ತ್ರೀಯರು ಸಾಲುಗಟ್ಟಿ ನಿಲ್ಲುವುದು ಈಗ ಯಾರಿಗೂ ಆಶ್ಚರ್ಯದ ಸಂಗತಿಯಲ್ಲ. ಆದರೆ ಸಹಜವೆನಿಸಿದ ಹಕ್ಕಿನ ಹಿಂದಣ ಶ್ರಮವನ್ನು ಲೋಕವು ಬಹುಬೇಗ ಮರೆಯುತ್ತದೆ. ಪರದೇಶದಲ್ಲಿ ಹುಟ್ಟಿ, ಭಾರತವನ್ನೇ ತನ್ನ ನಾಡೆಂದು ಭಾವಿಸಿ, ಆ ಶ್ರಮದಲ್ಲಿ ಹಿರಿಯ ಪಾಲನ್ನು ಹೊತ್ತ ಶ್ರೀಮತಿ ಮಾರ್ಗರೆಟ್ ಕಸಿನ್ಸರ ಚರಿತ್ರೆಯನ್ನು ವಾಚಕರ ಮುಂದಿಡಲು ನಾವು ಇಚ್ಛಿಸುತ್ತೇವೆ.

ಈಕೆ 1878ನೆಯ ಇಸವಿಯಲ್ಲಿ ಐರ್ಲೆಂಡಿನ ಬಾಯ್ಲ್ ಎಂಬ ಊರಿನಲ್ಲಿ ಜನಿಸಿದರು. ಡಬ್ಲಿನ್ ನಗರದಲ್ಲಿ ಸಂಗೀತವನ್ನು ವ್ಯಾಸಂಗ ಮಾಡಿ ಪದವೀಧರೆಯಾಗಿ, 1903ರಲ್ಲಿ ಕವಿ ಜೇಮ್ಸ್ ಕಸಿನ್ಸರನ್ನು ವಿವಾಹವಾದರು. 1908ರಲ್ಲಿ ಹಾನಾ ಶೀಹಿ ಸ್ಕೆಫಿಂಗ್ಟನ್ನರೊಡಗೂಡಿ ಐರಿಷ್ ಸ್ತ್ರೀಯರ ಮತಾಧಿಕಾರ ಸಂಘವನ್ನು ಸ್ಥಾಪಿಸಿದರು. ವಿನಯದ ಅರ್ಜಿಗಳಿಗೆ ಸರಕಾರವು ಕಿವಿಗೊಡದಿರಲು, 1910ರಲ್ಲಿ ಲಂಡನ್ನಿನಲ್ಲಿಯೂ 1913ರಲ್ಲಿ ಡಬ್ಲಿನ್ನಿನಲ್ಲಿಯೂ ಸರಕಾರೀ ಕಟ್ಟಡಗಳ ಗಾಜುಗಳನ್ನೊಡೆದು, ಎರಡು ಸಲವೂ ಒಂದೊಂದು ತಿಂಗಳು ಸೆರೆಮನೆಯನ್ನು ಕಂಡರು. ಗಾಜನ್ನೊಡೆಯುವ ಮಾರ್ಗವನ್ನು ನಾವು ಮೆಚ್ಚುವವರಲ್ಲ. ಆದರೆ ನ್ಯಾಯದ ಬಾಗಿಲನ್ನು ಮುಚ್ಚಿ ಕುಳಿತವರ ಹೊಣೆಯೂ ಅಲ್ಪವಲ್ಲವೆಂದು ಹೇಳಲೇಬೇಕು.

1915ರಲ್ಲಿ ಪತಿಯೊಡನೆ ಭಾರತಕ್ಕೆ ಬಂದ ಈಕೆ, 1917ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘವು ಸ್ಥಾಪನೆಯಾದಾಗ ಅದರ ಮುಖ್ಯ ಕಾರ್ಯಕರ್ತರಲ್ಲೊಬ್ಬರಾದರು. ಅದೇ ವರ್ಷ ರಾಜ್ಯಸುಧಾರಣೆಯ ವಿಚಾರವಾಗಿ ಭಾರತಮಂತ್ರಿ ಮಾಂಟೆಗ್ಯೂ ಈ ದೇಶಕ್ಕೆ ಬಂದರು. ಸ್ತ್ರೀವಿದ್ಯಾಭ್ಯಾಸದ ಬಗ್ಗೆ ಬಿನ್ನವಿಸಲು ಅವಕಾಶ ಕೇಳಿದಾಗ, ರಾಜಕೀಯ ವಿಷಯಗಳಿಗೆ ಮಾತ್ರ ಅವಕಾಶವೆಂಬ ಉತ್ತರ ಬಂದಿತು. ಕಸಿನ್ಸರು ಹಿಂಜರಿಯದೆ ಬಿನ್ನವತ್ತಳೆಯಲ್ಲಿ ಮತಾಧಿಕಾರದ ಬೇಡಿಕೆಯನ್ನೇ ಸೇರಿಸಿದರು. ಡಿಸೆಂಬರ್ 18ರಂದು ನಿಯೋಗವು ಮದ್ರಾಸಿನಲ್ಲಿ ಮಂತ್ರಿಯನ್ನು ಕಂಡಿತು. ಮುಂದಾಳುತನವು ಸರೋಜಿನೀ ನಾಯಿಡು ಅವರದು. ಈ ನೆಲದ ಹೆಂಗಸರೇ ಮುಂದೆ ನಿಲ್ಲಬೇಕೆಂಬುದನ್ನು ಕಸಿನ್ಸರು ಚೆನ್ನಾಗಿ ಅರಿತಿದ್ದರು.

ಮತಾಧಿಕಾರವನ್ನು ಗೊತ್ತುಪಡಿಸಲು ನೇಮಕವಾದ ಸೌತ್‌ಬರೋ ಸಮಿತಿಯು ಈ ಬೇಡಿಕೆಯನ್ನು ತಳ್ಳಿಹಾಕಿತು. 1919ರ ಕಾಯಿದೆಯು ನಿರ್ಣಯವನ್ನು ಪ್ರಾಂತಗಳ ಶಾಸನಸಭೆಗಳಿಗೆ ಬಿಟ್ಟಿತು. 1921ರಲ್ಲಿ ಮದ್ರಾಸು ಮತ್ತು ಮುಂಬಯಿ ಪ್ರಾಂತಗಳು ಸ್ತ್ರೀಯರಿಗೆ ಮತವನ್ನಿತ್ತವು. ಆಸ್ತಿಯ ನಿಬಂಧನೆಯಿಂದಾಗಿ ಅದು ಕೆಲವರ ಪಾಲಿನದಷ್ಟೇ ಆದರೂ ಕದವು ತೆರೆಯಿತು. ಈ ನಡುವೆ ಕಸಿನ್ಸರು ನಮ್ಮ ಮಂಗಳೂರಿನಲ್ಲಿ ರಾಷ್ಟ್ರೀಯ ಬಾಲಿಕಾ ಪಾಠಶಾಲೆಯ ಮೊದಲ ಮುಖ್ಯೋಪಾಧ್ಯಾಯಿನಿಯಾಗಿದ್ದರೆಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ. 1926ರಲ್ಲಿ ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸುವಂತೆ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಹುರಿದುಂಬಿಸಿದವರೂ ಈಕೆಯೇ. ಕಮಲಾದೇವಿಯವರು ಅಲ್ಪಾಂತರದಿಂದ ಸೋತರು.

ಒಮ್ಮೆ ಮ್ಯಾಜಿಸ್ಟ್ರೇಟರ ಪೀಠದಲ್ಲಿ ಕುಳಿತಿದ್ದ ಕಸಿನ್ಸರು, 1932ರಲ್ಲಿ ಸರಕಾರದ ದಮನಶಾಸನಗಳನ್ನು ಪ್ರತಿಭಟಿಸಿ ತಾವೇ ಅಪರಾಧಿಯ ಸ್ಥಾನದಲ್ಲಿ ನಿಂತು, ಒಂದು ವರ್ಷದ ಶಿಕ್ಷೆ ಪಡೆದು ವೆಲ್ಲೂರಿನ ಸೆರೆಮನೆಯನ್ನು ಸೇರಿದರು. ಮುಂದೆ ಪಾರ್ಶ್ವವಾಯು ಅವರನ್ನು ಹಾಸಿಗೆ ಹಿಡಿಸಿತು. ಆದರೂ 1950ರ ಸಂವಿಧಾನವು ವಯಸ್ಕರೆಲ್ಲರಿಗೂ, ಗಂಡುಹೆಣ್ಣೆಂಬ ಭೇದವಿಲ್ಲದೆ, ಮತವನ್ನಿತ್ತುದನ್ನು ಕಂಡೇ 1954ರಲ್ಲಿ ಕಣ್ಮುಚ್ಚಿದರು.

ಇಲ್ಲಿ ನಾವು ಮತ್ತೊಂದು ಸಂಗತಿಯನ್ನು ಮರೆಯಬಾರದು. 1951-52ರ ಪ್ರಥಮ ಮಹಾಚುನಾವಣೆಯ ಕಾಲದಲ್ಲಿ ಸುಮಾರು 28 ಲಕ್ಷ ಸ್ತ್ರೀಯರ ಹೆಸರುಗಳನ್ನು ಮತದಾರರ ಪಟ್ಟಿಯಿಂದ ತೆಗೆಯಬೇಕಾಯಿತು. ಕಾರಣವಿಷ್ಟೆ: ಅವರು ಇಂಥವರ ಹೆಂಡತಿ, ಇಂಥವರ ಮಗಳು ಎಂದು ಬರೆಸಿದ್ದರೇ ಹೊರತು ಸ್ವಂತ ಹೆಸರನ್ನು ಹೇಳಿರಲಿಲ್ಲ. ಕಾಯಿದೆಯು ಕೊಟ್ಟುದನ್ನು ಮನೆಯ ರೂಢಿಯು ಕಸಿದುಕೊಂಡಿತು. ಶಾಸನದ ಕೆಲಸವನ್ನು ಕಸಿನ್ಸರಂತಹವರು ಮುಗಿಸಿಕೊಟ್ಟು ಹೋದರು. ಮನೆಯೊಳಗಣ ಕೆಲಸ ನಮ್ಮದು. ಪಟ್ಟಿಯಲ್ಲಿ ಹೆಸರಿದ್ದರೂ ಮತ ಯಾರಿಗೆಂಬುದನ್ನು ಗಂಡನೋ ಮಗನೋ ನಿಶ್ಚಯಿಸುವ ಮನೆಯಲ್ಲಿ ಆ ಹಕ್ಕು ಇನ್ನೂ ಬಂದಿಲ್ಲವೆಂದೇ ನಾವು ಎಣಿಸುತ್ತೇವೆ.