ಎಪಿಕ್ಟೀಟಸ್: ದಾಸ್ಯದಲ್ಲಿ ಬೆಳೆದ ಸ್ವತಂತ್ರ ಪುರುಷ

ಸಿಂಹಾಸನವನ್ನೇರಿದವನಿಗೆ ನಿದ್ರೆ ಬಾರದಿರಬಹುದು. ಪರರ ಮನೆಯ ಊಳಿಗದವನು ನೆಮ್ಮದಿಯಿಂದ ಮಲಗಬಹುದು. ಮನುಷ್ಯನ ಸ್ವಾತಂತ್ರ್ಯವು ಅವನ ಹೊರಗಿನ ಸ್ಥಿತಿಗತಿಗಳಲ್ಲಿದೆಯೋ, ಮನಸ್ಸಿನಲ್ಲಿದೆಯೋ? ಈ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರವಿತ್ತವನು ಸ್ಟೋಯಿಕ್ ಪಂಥದ ತತ್ತ್ವಜ್ಞಾನಿ ಎಪಿಕ್ಟೀಟಸ್.

ಕ್ರಿ. ಶ. 50ರ ಸುಮಾರಿನಲ್ಲಿ, ಇಂದಿನ ಟರ್ಕಿ ದೇಶದಲ್ಲಿರುವ ಹೈರಾಪೊಲಿಸ್ ಪಟ್ಟಣದಲ್ಲಿ ಆತನು ಜನಿಸಿದನು. ಗ್ರೀಕ್ ಭಾಷೆಯಲ್ಲಿ ಆತನ ಹೆಸರಿಗೆ ಗಳಿಸಿಕೊಂಡದ್ದು ಎಂದು ಅರ್ಥ. ಹೆಸರೇ ಆತನೊಂದು ಸೊತ್ತೆಂದು ಸಾರುತ್ತಿತ್ತು. ರೋಮಿನಲ್ಲಿ ಆತನ ಒಡೆಯನಾಗಿದ್ದವನು ನೀರೊ ಚಕ್ರವರ್ತಿಯ ಕಾರ್ಯದರ್ಶಿ ಎಪಫ್ರೊಡಿಟಸ್. ವಿಚಿತ್ರವೆಂದರೆ, ಈ ಒಡೆಯನೂ ಹಿಂದೆ ಗುಲಾಮನಾಗಿದ್ದು ಬಿಡುಗಡೆ ಹೊಂದಿದವನೇ. ಕೆಲಸಕ್ಕೆ ಬಾರದವನೆಂದು ಅವನು ಒಬ್ಬ ಚಮ್ಮಾರ ಗುಲಾಮನನ್ನು ಮಾರಿಬಿಟ್ಟನು. ದೈವವಶದಿಂದ ಆ ಚಮ್ಮಾರನು ಚಕ್ರವರ್ತಿಗೇ ಪಾದರಕ್ಷೆ ಹೊಲಿಯುವವನಾದನು. ಅಂದಿನಿಂದ ಹಳೆಯ ಒಡೆಯನು ಅವನನ್ನು ಗೌರವದಿಂದ ಬರಮಾಡಿಕೊಂಡು, ಅವನೊಡನೆ ಆಲೋಚನೆಗೂ ಕುಳಿತುಕೊಳ್ಳತೊಡಗಿದನು! ಇದನ್ನೆಲ್ಲ ಕಂಡ ಎಪಿಕ್ಟೀಟಸನಿಗೆ ನಿಜವಾದ ಗುಲಾಮನು ಯಾರೆಂಬುದು ಹೊಳೆದಿರಬೇಕು.

ಆತನು ಕುಂಟನಾಗಿದ್ದನು. ಒಡೆಯನು ಕಾಲನ್ನು ತಿರುಚುತ್ತಿದ್ದಾಗ, ಅದು ಮುರಿಯುವುದೆಂದು ಆತನು ಶಾಂತವಾಗಿ ಎಚ್ಚರಿಸಿದನೆಂದೂ, ಮುರಿದ ಮೇಲೂ ವಿಚಲಿತನಾಗಲಿಲ್ಲವೆಂದೂ ಒಂದು ಕಥೆಯುಂಟು. ರೋಗದಿಂದ ಕುಂಟನಾದನೆಂದು ಇನ್ನೊಂದು ಹಳೆಯ ಹೇಳಿಕೆ. ಯಾವುದೇ ಆಗಲಿ, ಕಾಲಿನ ಊನವು ಮನಸ್ಸಿನ ಊನವಾಗಲು ಆತನು ಬಿಡಲಿಲ್ಲ.

ಗುಲಾಮನಾಗಿದ್ದಾಗಲೇ ಆತನು ಮುಸೋನಿಯಸ್ ರೂಫಸ್ ಎಂಬ ಕಟ್ಟುನಿಟ್ಟಿನ ಗುರುವಿನ ಬಳಿ ಶಿಷ್ಯವೃತ್ತಿ ಮಾಡಿದನು. ಮುಂದೆ ಬಿಡುಗಡೆ ಹೊಂದಿ ತಾನೇ ಬೋಧಕನಾದನು. ಆದರೆ ಕ್ರಿ. ಶ. 90ರ ಆಸುಪಾಸಿನಲ್ಲಿ, ಸಂಶಯಪಿಶಾಚಿಯಾಗಿದ್ದ ಡೊಮಿಷಿಯನ್ ಚಕ್ರವರ್ತಿಯು ತತ್ತ್ವಜ್ಞಾನಿಗಳನ್ನೆಲ್ಲ ರೋಮಿನಿಂದ ಹೊರದೂಡಿದನು. ಎಪಿಕ್ಟೀಟಸನು ಗ್ರೀಸಿನ ಪಶ್ಚಿಮ ತೀರದ ನಿಕೊಪೊಲಿಸ್ ನಗರಕ್ಕೆ ಹೋಗಿ ಪಾಠಶಾಲೆಯನ್ನು ತೆರೆದನು. ದೇಶಭ್ರಷ್ಟನ ಆ ಶಾಲೆಗೆ ರೋಮಿನ ಶ್ರೀಮಂತರ ಮಕ್ಕಳು ಹುಡುಕಿಕೊಂಡು ಬಂದರು.

ಆತನ ಬೋಧನೆಯ ತಿರುಳು ಸರಳವಾದುದು. ನಮ್ಮ ಅಭಿಪ್ರಾಯ, ಬಯಕೆ, ಪ್ರಯತ್ನಗಳು ನಮ್ಮ ಕೈಯಲ್ಲಿವೆ. ದೇಹ, ಐಶ್ವರ್ಯ, ಕೀರ್ತಿ, ಅಧಿಕಾರಗಳು ನಮ್ಮ ಕೈಯಲ್ಲಿಲ್ಲ. ಮೊದಲನೆಯದನ್ನು ಬಿಟ್ಟು ಎರಡನೆಯದರ ಬೆನ್ನು ಹತ್ತುವವನಿಗೆ ದುಃಖ ತಪ್ಪದು. ವಿದ್ಯಾರ್ಥಿಗಳಾದ ನಮಗೆ ಇದು ಸುಲಭವಾಗಿ ಅರ್ಥವಾಗಬೇಕು: ಓದುವುದು ನಮ್ಮದು, ಫಲಿತಾಂಶದ ಪಟ್ಟಿ ನಮ್ಮದಲ್ಲ.

ಇದು ಕೈಕಟ್ಟಿ ಕುಳಿತುಕೊಳ್ಳುವವರ ವೇದಾಂತವಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಗುಲಾಮಗಿರಿಯನ್ನೇ ಕಿತ್ತೊಗೆಯಬೇಕೆಂದು ಆತನು ಹೋರಾಡಲಿಲ್ಲವೆಂಬುದೂ ನಿಜ. ಆದರೆ ಗುಲಾಮನೂ ಅದೇ ದೇವರ ಮಗ, ನಮ್ಮ ಸೋದರನೆಂದು ಆತನು ಒಡೆಯರ ಮಕ್ಕಳಿಗೇ ಬೋಧಿಸಿದನು. ಮಗನಾಗಿ, ಸೋದರನಾಗಿ, ಪೌರನಾಗಿ ಮಾಡಬೇಕಾದ ಕರ್ತವ್ಯಗಳನ್ನು ಬಿಡಬಾರದೆಂದು ಒತ್ತಿ ಹೇಳಿದನು. ಬಹುಕಾಲ ಒಂಟಿಯಾಗಿದ್ದ ಆತನೇ ಮುಪ್ಪಿನಲ್ಲಿ, ಬಡತನದಿಂದ ಸ್ನೇಹಿತನೊಬ್ಬನು ತೊರೆಯಲಿದ್ದ ಮಗುವನ್ನು ತಂದು ಸಾಕಿದನು.

ಆತನ ಮನೆಯಲ್ಲಿ ದೇವರ ಮುಂದಿದ್ದ ಕಬ್ಬಿಣದ ದೀಪವನ್ನು ಕಳ್ಳನೊಬ್ಬನು ಕದ್ದೊಯ್ದನು. ಎಪಿಕ್ಟೀಟಸನು ಕೋಪಗೊಳ್ಳದೆ ಮಣ್ಣಿನ ಹಣತೆಯನ್ನಿಟ್ಟುಕೊಂಡನು. ಒಂದು ದೀಪಕ್ಕಾಗಿ ತನ್ನ ಪ್ರಾಮಾಣಿಕತೆಯನ್ನೇ ತೆತ್ತ ಕಳ್ಳನದೇ ದೊಡ್ಡ ನಷ್ಟವೆಂಬುದು ಆತನ ಎಣಿಕೆ. ಆತನು ಸತ್ತ ಮೇಲೆ ಒಬ್ಬನು ಆ ಹಣತೆಯನ್ನು 3000 ದ್ರಾಕ್ಮ ಕೊಟ್ಟು ಕೊಂಡನಂತೆ. ಅದರ ಬೆಳಕಿನಲ್ಲಿ ಓದಿದರೆ ಜ್ಞಾನ ತಾನಾಗಿ ಬರುವುದೆಂಬ ಆಸೆ!

ಎಪಿಕ್ಟೀಟಸನು ಕ್ರಿ. ಶ. 135ರ ಸುಮಾರಿನಲ್ಲಿ ಕಾಲವಾದನು. ಆತನು ಒಂದು ಗ್ರಂಥವನ್ನೂ ಬರೆಯಲಿಲ್ಲ. ಶಿಷ್ಯನಾದ ಏರಿಯನ್ ಬರೆದುಕೊಂಡ ಪ್ರವಚನಗಳಲ್ಲಿ ನಾಲ್ಕು ಸಂಪುಟಗಳೂ, ಅವುಗಳ ಸಾರವಾದ ಒಂದು ಕೈಪಿಡಿಯೂ ಉಳಿದಿವೆ. ಆ ಮಾತುಗಳನ್ನು ಭಕ್ತಿಯಿಂದ ಓದಿ ಬಾಳಿಗೆ ದಾರಿದೀಪವಾಗಿಸಿಕೊಂಡವರಲ್ಲಿ ಒಬ್ಬನು, 161ರಲ್ಲಿ ರೋಮಿನ ಪಟ್ಟವನ್ನೇರಿದ ಮಾರ್ಕಸ್ ಅರೇಲಿಯಸ್. ಗುಲಾಮನು ಗುರುವಾದನು, ಚಕ್ರವರ್ತಿಯು ಶಿಷ್ಯನಾದನು. ತನ್ನನ್ನು ತಾನು ಗೆದ್ದವನ ಮುಂದೆ ಸಾಮ್ರಾಜ್ಯವೂ ತಲೆಬಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?