ಮೈಸೂರು ಟಿ. ಚೌಡಯ್ಯ

ತಿರುಮಕೂಡಲು ಚೌಡಯ್ಯ (1895 – ಜನವರಿ 19, 1967) ಕರ್ನಾಟಕ ಸಂಗೀತದ ಪ್ರಖ್ಯಾತ ಪಿಟೀಲು ವಿದ್ವಾಂಸರು, ವಾಗ್ಗೇಯಕಾರರು ಮತ್ತು ಸಂಗೀತ ಶಿಕ್ಷಕರು. ರೂಢಿಯಲ್ಲಿದ್ದ ನಾಲ್ಕು ತಂತಿಗಳ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಕೂಡಿಸಿ ಏಳು ತಂತಿಗಳ ಪಿಟೀಲನ್ನು ರೂಪಿಸಿದ್ದು ಇವರ ವಿಶಿಷ್ಟ ಸಾಧನೆ. ಈ ವಾದ್ಯವನ್ನು ಕೇವಲ ಪ್ರಯೋಗವಾಗಿ ಉಳಿಸದೆ, ದಶಕಗಳ ಕಾಲ ಕಛೇರಿಗಳಲ್ಲಿ ನುಡಿಸಿ ಅದಕ್ಕೆ ಮನ್ನಣೆ ದೊರಕಿಸಿದರು. ಜನಸಾಮಾನ್ಯರಲ್ಲಿ ಇವರು ಪಿಟೀಲು ಚೌಡಯ್ಯನವರೆಂದೇ ಪ್ರಸಿದ್ಧರು.

ಜನನ ಮತ್ತು ಬಾಲ್ಯ

ಚೌಡಯ್ಯನವರು ಮೈಸೂರು ಜಿಲ್ಲೆಯ ತಿರುಮಕೂಡಲು ಗ್ರಾಮದಲ್ಲಿ ಜನಿಸಿದರು. ತಂದೆ ಅಗಸ್ತ್ಯೇಗೌಡ, ತಾಯಿ ಸುಂದರಮ್ಮ. ಕಾವೇರಿ ಮತ್ತು ಕಪಿಲಾ ನದಿಗಳು ಕೂಡುವ ಈ ಪುಣ್ಯಕ್ಷೇತ್ರದಲ್ಲಿ ಸ್ಫಟಿಕ ಸರೋವರವೂ ಗುಪ್ತವಾಗಿ ಸೇರುತ್ತದೆಂಬ ನಂಬಿಕೆಯಿಂದ ಇದಕ್ಕೆ ತ್ರಿವೇಣಿ ಸಂಗಮವೆಂಬ ಹೆಸರಿದೆ. ಚೌಡಯ್ಯನವರು ಮುಂದೆ ತಮ್ಮ ಕೃತಿಗಳಿಗೆ ತ್ರಿಮಕುಟ ಎಂಬ ಅಂಕಿತವನ್ನು ಆರಿಸಿಕೊಂಡದ್ದರಲ್ಲಿ ಹುಟ್ಟೂರಿನ ಸ್ಮರಣೆ ಇದೆ.

ಗುರುಕುಲವಾಸ

ಸಂಗೀತದಲ್ಲಿ ಆಸಕ್ತಿ ಹೊಂದಿದ್ದ ಚೌಡಯ್ಯನವರು ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ (1866–1931) ಶಿಷ್ಯರಾದರು. 1910ರಿಂದ 1918ರವರೆಗೆ ಅವರಲ್ಲಿ ಕಠಿಣ ಶಿಕ್ಷಣ ಪಡೆದರು. ಕೃಷ್ಣಪ್ಪನವರು ಆಸ್ಥಾನದ ಹಿರಿಯ ಗಾಯಕರು. ಮೈಸೂರಿನ ಪ್ರಸನ್ನ ಸೀತಾರಾಮ ಮಂದಿರದ ನಿರ್ಮಾತೃಗಳು. ಗುರುಗಳು ಗಾಯಕರಾಗಿದ್ದುದರಿಂದ ಚೌಡಯ್ಯನವರ ವಾದನವೂ ಗಾಯನವನ್ನೇ ಮಾದರಿಯಾಗಿಟ್ಟುಕೊಂಡು ಬೆಳೆಯಿತು. ಹಾಡುಗಾರನ ಉಸಿರು, ಸಾಹಿತ್ಯದ ವಿಭಾಗ, ಗಮಕದ ತೂಕ ಇವೆಲ್ಲವನ್ನೂ ಕಮಾನಿನ ಎಳೆತದಲ್ಲಿ ತರುವುದು ಅವರ ಶೈಲಿಯ ಲಕ್ಷಣವಾಯಿತು. ಪಕ್ಕವಾದ್ಯಗಾರರಾಗಿ ಅವರಿಗೆ ದೊರೆತ ಯಶಸ್ಸಿಗೆ ಇದು ಮುಖ್ಯ ಕಾರಣ.

ಏಳು ತಂತಿಗಳ ಪಿಟೀಲು

ಹಿನ್ನೆಲೆ: ಪಿಟೀಲು ಪಾಶ್ಚಾತ್ಯ ಮೂಲದ ವಾದ್ಯ. ಮೈಸೂರು ಸೀಮೆಗೆ ಇದರ ಪರಿಚಯ ಹಳೆಯದು. 1784ರಲ್ಲಿ ನಿರ್ಮಾಣವಾದ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಭಿತ್ತಿಚಿತ್ರಗಳಲ್ಲಿ ಪಿಟೀಲು ವಾದನದ ಚಿತ್ರಣವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಲುಸ್ವಾಮಿ ದೀಕ್ಷಿತರು ಮತ್ತು ವಡಿವೇಲು ಅವರ ಮೂಲಕ ಅದು ಕರ್ನಾಟಕ ಸಂಗೀತದಲ್ಲಿ ನೆಲೆಗೊಂಡಿತು. ಆದರೆ ಕಛೇರಿಗಳು ಅರಮನೆಯ ತೊಟ್ಟಿಗಳಿಂದ ದೊಡ್ಡ ಚಪ್ಪರಗಳಿಗೂ ಸಭಾಂಗಣಗಳಿಗೂ ಬಂದಾಗ ತೊಡಕೊಂದು ಎದುರಾಯಿತು. ಆಗ ಧ್ವನಿವರ್ಧಕಗಳು ಬಳಕೆಗೆ ಬಂದಿರಲಿಲ್ಲ. ತುಂಬು ಕಂಠದ ಗಾಯಕರ ಮತ್ತು ಮೃದಂಗದ ನಾದದ ನಡುವೆ ಪಿಟೀಲಿನ ದನಿ ಹಿಂದಿನ ಸಾಲುಗಳನ್ನು ತಲಪುತ್ತಿರಲಿಲ್ಲ. ಹಿಂದೆ ಕುಳಿತ ಶ್ರೋತೃವಿಗೂ ತಮ್ಮ ವಾದನ ಕೇಳಬೇಕೆಂಬ ಹಂಬಲವೇ ಚೌಡಯ್ಯನವರ ಪ್ರಯೋಗಕ್ಕೆ ಪ್ರೇರಣೆ.

ರಚನೆ: ಪಿಟೀಲಿನ ಮೇಲು ಹಲಗೆಯನ್ನು ಸಾಮಾನ್ಯವಾಗಿ ಸ್ಪ್ರೂಸ್ ಮರದಿಂದಲೂ ಹಿಂಬದಿಯ ಹಲಗೆಯನ್ನು ಮೇಪಲ್ ಮರದಿಂದಲೂ ಕಮಾನಿನಂತೆ ಉಬ್ಬಿಸಿ ಕೆತ್ತುತ್ತಾರೆ. ತಂತಿಯ ಕಂಪನ ಕುದುರೆಯ ಮೂಲಕ ಮೇಲು ಹಲಗೆಗೆ ಇಳಿಯುತ್ತದೆ. ಒಳಗೆ ನಿಲ್ಲಿಸಿದ ಪುಟ್ಟ ಮರದ ಕಂಬದ ಮೂಲಕ ಹಿಂಬದಿಯ ಹಲಗೆಯನ್ನೂ ಮುಟ್ಟುತ್ತದೆ. ನಾಲ್ಕು ತಂತಿಗಳ ಬಿಗಿತಕ್ಕೆ ಹೊಂದುವಂತೆ ರೂಪುಗೊಂಡ ಈ ಸೂಕ್ಷ್ಮ ಸಮತೋಲದ ಮೇಲೆ ಮೂರು ತಂತಿಗಳನ್ನು ಹೆಚ್ಚಿಸುವುದು ಸುಲಭದ ಕೆಲಸವಲ್ಲ. ತಂತಿಗಳು ಹೆಚ್ಚಿದಂತೆ ಹಲಗೆಯ ಮೇಲಿನ ಒತ್ತಡ ಹೆಚ್ಚುತ್ತದೆ. ಬಿರಡೆಗಳಿಗೆ ಸ್ಥಳ ಕಲ್ಪಿಸಬೇಕಾಗುತ್ತದೆ. ಕುದುರೆಯ ಮೇಲಿನ ಕಚ್ಚುಗಳನ್ನು ಹೊಸದಾಗಿ ಹಂಚಬೇಕಾಗುತ್ತದೆ. 1927ರ ಹೊತ್ತಿಗೆ ವಿದ್ವಾಂಸರಾಗಿ ಹೆಸರು ಗಳಿಸಿದ್ದ ಚೌಡಯ್ಯನವರು ಈ ಮಾರ್ಪಾಡುಗಳನ್ನು ಸಾಧಿಸಿ, ಹೊಸ ವಾದ್ಯವನ್ನು ಕರಗತ ಮಾಡಿಕೊಂಡು, ಕಛೇರಿಗಳಲ್ಲಿ ಬಳಸತೊಡಗಿದರು.

ವಾದನಕ್ರಮ: ಕೂಡಿಸಿದ ತಂತಿಗಳು ಮುಖ್ಯ ತಂತಿಗಳಿಗೆ ಜೊತೆಯಾಗಿ ನುಡಿಯುವುದರಿಂದ ನಾದಕ್ಕೆ ಗಾತ್ರವೂ ಗಾಂಭೀರ್ಯವೂ ಬರುತ್ತದೆ. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಜೊತೆ ತಂತಿಗಳೆರಡೂ ಕಿಂಚಿತ್ತೂ ವ್ಯತ್ಯಾಸವಿಲ್ಲದೆ ಶ್ರುತಿಗೂಡಿರಬೇಕು. ಒಂದೇ ಬೆರಳು ಎರಡನ್ನೂ ಸಮವಾಗಿ ಒತ್ತಬೇಕು. ಕಮಾನು ಎರಡರ ಮೇಲೂ ಒಂದೇ ಭಾರದಿಂದ ಹರಿಯಬೇಕು. ಕರ್ನಾಟಕ ಸಂಗೀತದಲ್ಲಿ ಸ್ವರಗಳು ನಿಂತಲ್ಲಿ ನಿಲ್ಲದೆ ಜಾರು, ಕಂಪಿತಗಳಲ್ಲಿ ಚಲಿಸುವುದರಿಂದ ಈ ಶ್ರಮ ಇಮ್ಮಡಿಯಾಗುತ್ತದೆ. ಬೆರಳು ಜಾರುವ ಪ್ರತಿ ಕ್ಷಣವೂ ಎರಡು ತಂತಿಗಳು ಒಟ್ಟಿಗೇ ಜಾರಬೇಕು. ವಾದ್ಯದ ಬಲವು ವಾದಕನ ಸಾಧನೆಯನ್ನು ಅವಲಂಬಿಸಿರುವುದರಿಂದಲೇ ಏಳು ತಂತಿಗಳ ಪಿಟೀಲು ವ್ಯಾಪಕವಾಗಿ ಹರಡಲಿಲ್ಲ. ನಾಲ್ಕು ತಂತಿಗಳ ಪಿಟೀಲೇ ಇಂದಿಗೂ ರೂಢಿಯಲ್ಲಿದೆ.

ಸಮಕಾಲೀನ ಪ್ರಯತ್ನಗಳು: ಇದೇ ಕಾಲದಲ್ಲಿ ಅಮೆರಿಕದಲ್ಲಿಯೂ ಇಂತಹುದೇ ಅಗತ್ಯದಿಂದ ತಂತಿವಾದ್ಯವೊಂದು ರೂಪಾಂತರ ಹೊಂದಿತು. ದೊಡ್ಡ ವಾದ್ಯಗೋಷ್ಠಿಗಳ ನಡುವೆ ಗಿಟಾರಿನ ದನಿ ಕೇಳಿಸುವಂತೆ ಮಾಡಲು ಗಿಬ್ಸನ್ ಸಂಸ್ಥೆಯು ಪಿಟೀಲಿನಂತೆ ಉಬ್ಬಾಗಿ ಕೆತ್ತಿದ ಹಲಗೆ ಮತ್ತು ಪಿಟೀಲಿನ ಮಾದರಿಯ ನಾದರಂಧ್ರಗಳುಳ್ಳ ಎಲ್-5 ಎಂಬ ಗಿಟಾರನ್ನು 1920ರ ದಶಕದ ಆರಂಭದಲ್ಲಿ ಹೊರತಂದಿತು. 1932ರಲ್ಲಿ ನ್ಯೂಯಾರ್ಕಿನಲ್ಲಿ ಕಾರ್ಯಾಗಾರ ತೆರೆದ ಜಾನ್ ಡಿ ಏಂಜೆಲಿಕೊ ಅವರು ಕೈಯಿಂದಲೇ ರೂಪಿಸಿದ ಆರ್ಚ್‌ಟಾಪ್ ಗಿಟಾರ್‌ಗಳು ಇಂದು ಅಪರೂಪದ ವಸ್ತುಗಳೆನಿಸಿವೆ. ಅಲ್ಲಿ ವಾದ್ಯ ತಯಾರಕರು ಮರದ ಉಬ್ಬಿನಲ್ಲಿ ಹುಡುಕಿದ ಉತ್ತರವನ್ನು ಮೈಸೂರಿನಲ್ಲಿ ವಾದಕರೊಬ್ಬರು ತಂತಿಗಳ ಸಂಖ್ಯೆಯಲ್ಲಿ ಕಂಡುಕೊಂಡರು.

ಕಛೇರಿ ಜೀವನ

ಚೌಡಯ್ಯನವರು ಮೈಸೂರು ಸಂಸ್ಥಾನದ ಆಸ್ಥಾನ ವಿದ್ವಾಂಸರಾಗಿದ್ದರು. ಅರಿಯಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಜಿ.ಎನ್. ಬಾಲಸುಬ್ರಹ್ಮಣ್ಯಂ ಮೊದಲಾದ ಅಗ್ರಗಣ್ಯ ಗಾಯಕರಿಗೆ ಪಕ್ಕವಾದ್ಯ ನುಡಿಸಿದರು. ಚೆಂಬೈಯವರ ಕಂಚಿನ ಕಂಠ, ಚೌಡಯ್ಯನವರ ಏಳು ತಂತಿಗಳ ನಾದ ಹಾಗೂ ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಸೇರಿದ ಕಛೇರಿಗಳು ದಕ್ಷಿಣ ಭಾರತದಾದ್ಯಂತ ಜನಪ್ರಿಯವಾಗಿದ್ದವು.

ಇತರ ಕೊಡುಗೆಗಳು

ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ಸ್ಥಾಪಿಸಿ ಅನೇಕರಿಗೆ ವಿದ್ಯಾದಾನ ಮಾಡಿದರು. ಶಿಷ್ಯರಲ್ಲಿ ಆರ್.ಆರ್. ಕೇಶವಮೂರ್ತಿ ಮತ್ತು ಕಂಡದೇವಿ ಅಳಗಿರಿಸ್ವಾಮಿ ಪ್ರಮುಖರು. ಇವರಲ್ಲಿ ಕೇಶವಮೂರ್ತಿಯವರು ಏಳು ತಂತಿಗಳ ಪಿಟೀಲಿನ ಪರಂಪರೆಯನ್ನು ಗುರುಗಳ ಕಾಲಾನಂತರವೂ ಮುಂದುವರಿಸಿದರು. 1943ರಲ್ಲಿ ತೆರೆಕಂಡ ವಾಣಿ ಎಂಬ ಕನ್ನಡ ಚಲನಚಿತ್ರವನ್ನು ಚೌಡಯ್ಯನವರು ನಿರ್ಮಿಸಿದರು. ಚೆಂಬೈಯವರೂ ಈ ಚಿತ್ರದಲ್ಲಿ ಕಾಣಿಸಿಕೊಂಡಿದ್ದಾರೆ.

ಪ್ರಶಸ್ತಿ ಮತ್ತು ಗೌರವಗಳು

ಸಂಗೀತರತ್ನ, ಗಾನಕಲಾಸಿಂಧು ಮುಂತಾದ ಬಿರುದುಗಳು ಇವರಿಗೆ ಸಂದವು. ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಹಾಗೂ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಎರಡೂ 1957ರಲ್ಲಿ ದೊರೆತವು.

ನಿಧನ ಮತ್ತು ಸ್ಮರಣೆ

ಚೌಡಯ್ಯನವರು 1967ರ ಜನವರಿ 19ರಂದು ನಿಧನರಾದರು. ಅವರ ನೆನಪಿಗಾಗಿ ಕೆ.ಕೆ. ಮೂರ್ತಿಯವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ನಿರ್ಮಿಸಲಾದ ಚೌಡಯ್ಯ ಸ್ಮಾರಕ ಭವನ 1980ರಲ್ಲಿ ಉದ್ಘಾಟನೆಗೊಂಡಿತು. ಈ ಕಟ್ಟಡ ಏಳು ತಂತಿಗಳ ಪಿಟೀಲಿನ ಆಕಾರದಲ್ಲಿದ್ದು, ತಂತಿ, ಬಿರಡೆ, ಕುದುರೆ ಮತ್ತು ಕಮಾನಿನ ರೂಪಗಳನ್ನು ಅದರ ಹೊರಮೈಯಲ್ಲಿ ಕಾಣಬಹುದು. ಕೊನೆಯ ಸಾಲಿನ ಶ್ರೋತೃವನ್ನು ತಲಪಲೆಂದು ರೂಪುಗೊಂಡ ವಾದ್ಯವೇ ಸಾವಿರಕ್ಕೂ ಮಿಕ್ಕಿ ಜನರು ಕುಳಿತು ಸಂಗೀತ ಕೇಳುವ ಸಭಾಂಗಣದ ರೂಪ ತಳೆದಿದೆ.